ವಾಲ್ವಿನ ತಲೆಯ ಮೇಲಿನ ಗೆರೆ

ಮೆಹದಿಪಟ್ಟಣಂ, ಹೈದರಾಬಾದ್
19 ಫೆಬ್ರುವರಿ 2023

ಮಗಳು ಕಾವ್ಯಾಳಿಗೆ,

ನಿನಗೂ ಅಳಿಯಂದಿರಿಗೂ ಕೂಸಿಗೂ ಅಪ್ಪನ ಆಶೀರ್ವಾದ. ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ನಿಮ್ಮ ಅವ್ವನ ಮಂಡಿನೋವೂ ಗಟ್ಟಿಯಾಗಿಯೇ ಇದೆ. ಸಂಕ್ರಾಂತಿಗೆ ನೀನು ಕಲಬುರಗಿಯಿಂದ ಕಳಿಸಿದ ಶೇಂಗಾ ಹೋಳಿಗೆ ತಿಂದು ತಿಂಗಳಾಯಿತು, ಮುಟ್ಟಿತು ಎಂದು ತಿಳಿಸಲು ಈಗ ಕೂತಿದ್ದೇನೆ. ಬೈಯಬೇಡ. ಫೋನ್ ಮಾಡಬಾರದಿತ್ತೇ ಎನ್ನುತ್ತೀ. ಫೋನಿನಲ್ಲಿ ನನ್ನ ದನಿ ಏರುತ್ತದೆ, ನೀನು "ಅಪ್ಪಾ, ಕುಕ್ಕರ್ ಕೂಗಾಕತ್ತೈತಿ" ಎಂದು ಇಟ್ಟುಬಿಡುತ್ತೀ. ನಿಮ್ಮ ಮನೆಯ ಕುಕ್ಕರ್ ನಾನು ಫೋನ್ ಮಾಡಿದಾಗಲೇ ಏಕೆ ಕೂಗುತ್ತದೋ! ಕಾಗದವಾದರೆ ಪೂರ್ತಿ ಓದುತ್ತೀ ಎಂದು ಇದನ್ನು ಹಿಡಿದೆ.

ಸುದ್ದಿ ಏನೆಂದರೆ, ನಾನು ವರ್ಕ್‌ಶಾಪು ಬಿಟ್ಟೆ.

ದೀಪಾವಳಿಗೆ ಮುಂಚೆ ಅಂಗಡಿಯ ಮಾಲೀಕ ತಾಯಪ್ಪ ತೀರಿಕೊಂಡದ್ದು ನಿನಗೆ ಗೊತ್ತು. ಯುಗಾದಿಯೊಳಗೆ ಅಂಗಡಿಯನ್ನು ನಡೆಸಲು ಒಬ್ಬರ ಕೈಗೆ ಒಪ್ಪಿಸುತ್ತೇನೆ ಎಂದು ಅವನ ಹೆಂಡತಿ ಗದಿಗೆಮ್ಮ ಹೇಳಿದ್ದಳು. ಒಂದೋ ನನಗೆ, ಇಲ್ಲವೇ ಅವಳ ಅಕ್ಕನ ಮಗ ವಿಜಯಕುಮಾರನಿಗೆ. ಆ ಅಂಗಡಿಯ ಶಟರನ್ನು ಮೊದಲ ಸಲ ತಾಯಪ್ಪನ ಜೊತೆ ಎತ್ತಿದವನು ನಾನು. ವಿಜಯಕುಮಾರ ಆಗಿನ್ನೂ ಹುಮನಾಬಾದಿನಲ್ಲಿ ಚಡ್ಡಿ ಏರಿಸಿಕೊಳ್ಳಲು ಕಲಿಯುತ್ತಿದ್ದ.

ಅವನ ವೈಭವ ನೀನು ನೋಡಬೇಕು. ಎಂಜಿನ್ ಬಿಚ್ಚುವ ಮೊದಲು ಕೂದಲು ಬಾಚಿಕೊಳ್ಳುವ ಮೆಕ್ಯಾನಿಕ್ಕನ್ನು ನಾನು ಕಂಡದ್ದು ಇವನೊಬ್ಬನನ್ನೇ. ಸೆಂಟು ಬೇರೆ ಹೊಡೆದುಕೊಂಡು ಬರುತ್ತಾನೆ, ಮದುವೆಯ ಊಟಕ್ಕೆ ಹೊರಟವನ ಹಾಗೆ. ಗಿರಾಕಿ ಬಂದರೆ ಮೊದಲು ಕುರ್ಚಿ, ಆಮೇಲೆ ಚಹಾ, ಆಮೇಲೆ "ಮಗಳ ಪರೀಕ್ಷೆ ಹೆಂಗಾತ್ರಿ?" ಗಾಡಿಗೆ ಏನಾಗಿದೆ ಎಂಬ ಮಾತು ಎಲ್ಲಕ್ಕಿಂತ ಕೊನೆಗೆ. ನಾಲಿಗೆಯಿಂದಲೇ ನಟ್ಟು ಬಿಗಿಯುವ ಪೈಕಿ. ಮಂದಿಯೂ ಅಂಥದ್ದೇ, ನಾನು ಖಾಲಿ ಕೂತಿದ್ದರೂ ನನ್ನನ್ನು ದಾಟಿ ಅವನ ಹತ್ತಿರ ಹೋಗುತ್ತಾರೆ.

ಹೋದ ವಾರ ಯಾದಗಿರಿ ಕಡೆಯ ಮಲ್ಲು ಮೇಸ್ತ್ರಿಯ ಜೀಪು ಬಂತು. ಮಿಯಾಪುರದಲ್ಲಿ ಏಳುತ್ತಿರುವ ಕಟ್ಟಡಗಳಿಗೆ ತನ್ನ ಆಳುಗಳನ್ನು ಒಯ್ಯುವ ಹಳೆಯ ಡೀಸೆಲ್ ಜೀಪು. ನೀರು ಬತ್ತಿ ಎಂಜಿನ್ ಕಾದು, ಅದರ ಮೇಲ್ಭಾಗದ ಹೆಡ್ಡು ಸೊಟ್ಟಗಾಗಿತ್ತು. ಗದಿಗೆಮ್ಮ ಕೆಲಸವನ್ನು ವಿಜಯಕುಮಾರನಿಗೆ ಕೊಟ್ಟಳು. ಇದು ಪರೀಕ್ಷೆ ಎಂದು ಅವಳೇನೂ ಬಾಯಿಬಿಟ್ಟು ಹೇಳಲಿಲ್ಲ. ನಾವಿಬ್ಬರೂ ಹಾಗೆಂದೇ ತಿಳಿದೆವು.

ಈಗ ಸ್ವಲ್ಪ ಎಂಜಿನ್ ಕೇಳಬೇಕು ನೀನು. ನಮ್ಮೂರ ಬಾವಿಯ ಏತವನ್ನು ನೆನೆಸಿಕೋ. ಎಂಜಿನ್ನಿನ ಹೆಡ್ಡಿನ ಮೇಲೆ ಅಂಥವೇ ಸಣ್ಣ ಏತಗಳಿರುತ್ತವೆ, ರಾಕರ್ ಎನ್ನುತ್ತೇವೆ. ಪುಶ್‌ರಾಡ್ ಎಂಬ ಕಡ್ಡಿ ಕೆಳಗಿನಿಂದ ಒಂದು ತುದಿಯನ್ನು ಎತ್ತುತ್ತದೆ, ಇನ್ನೊಂದು ತುದಿ ಗಾಳಿ, ಹೊಗೆ ಆಡುವ ಬಾಗಿಲಾದ ವಾಲ್ವಿನ ತಲೆಯನ್ನು ಒತ್ತಿ ಅದನ್ನು ತೆರೆಯುತ್ತದೆ. ಸೊಟ್ಟ ಹೆಡ್ಡನ್ನು ಲೇಥಿನಲ್ಲಿ ಹೆರೆಸಿದರೆ ಅದು ಕೆಳಗಿಳಿಯುತ್ತದೆ. ವಾಲ್ವನ್ನೂ ಅದು ಕೂರುವ ಜಾಗವನ್ನೂ ಉಜ್ಜಿಸಿದರೆ ವಾಲ್ವು ಮೇಲೇಳುತ್ತದೆ. ಕಡ್ಡಿ ಮಾತ್ರ ಹಳೆಯ ಉದ್ದವೇ! ಏತದ ಓರೆ ಕೆಡುತ್ತದೆ. ಅದಕ್ಕೇ ಮೊದಲು ಉದ್ದ ಹೆಚ್ಚುಕಡಿಮೆ ಮಾಡಲು ಬರುವ ಅಳತೆಕಡ್ಡಿ ಹಾಕಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೋಡಿ, ಬೇಕಾದ ಉದ್ದದ ಕಡ್ಡಿ ಮಾಡಿಸಬೇಕು. ತಾಯಪ್ಪ ಇಷ್ಟು ಮಾಡದೆ ಯಾವ ಎಂಜಿನ್ನಿಗೂ ಮುಚ್ಚಳ ಹಾಕಿದವನಲ್ಲ.

ಈ ಮಹಾರಾಯ ಹಳೆಯ ಕಡ್ಡಿಗಳನ್ನೇ ಇಳಿಸಿ, ರಾಕರಿಗೂ ವಾಲ್ವಿಗೂ ನಡುವಿನ ಗ್ಯಾಪ್ ಹೊಂದಿಸುವ ಸ್ಕ್ರೂಗಳನ್ನು ಕೊನೆಯವರೆಗೆ ಸಡಿಲಿಸಿ, ಮುಚ್ಚಳ ಕೈಗೆತ್ತಿಕೊಂಡ.

"ಪುಶ್‌ರಾಡ್ ಉದ್ದ ನೋಡಿದೇನು?" ಎಂದೆ.

"ಗ್ಯಾಪ್ ಬರೋಬರ್ ಐತ್ರಿ ಕಾಕಾ. ಸ್ಕ್ರೂ ಇರೋದ ಅದಕ್ಕ."

"ಗ್ಯಾಪ್ ಕೇಳಿಲ್ಲೋ. ಉದ್ದ ಕೇಳೀನಿ."

"ಎಂಜಿನ್ ಕಟ್ಟಾಕ ಬಂದೀರೋ, ಕನ್ಯಾ ನೋಡಾಕ ಬಂದೀರೋ? ಉದ್ದ, ಎತ್ತರ, ಮೂಗು..." ಎಂದ.

ಎಲ್ಲರೂ ನಕ್ಕರು. ಮಲ್ಲು ತೊಡೆ ತಟ್ಟಿಕೊಂಡು ನಕ್ಕ. ನಗಲಿ ಎಂದು ಬಿಟ್ಟೆ. ಪಾರ್ಸೆಲ್ ಮೇಲೆ ವಿಳಾಸ ಬರೆಯುವ ನೀಲಿ ಮಾರ್ಕರ್ ತಂದು, ರಾಕರ್ ಬಿಚ್ಚಿಸಿ, ವಾಲ್ವಿನ ತಲೆಗೂ, ಪುಶ್‌ರಾಡಿನ ಮೇಲಿರುವ ಬಟ್ಟಲಿನ ಅಂಚಿಗೂ ಬಳಿದೆ. ರಾಕರ್ ಮತ್ತೆ ಕೂರಿಸಿ ಅವನ ಕೈಯಿಂದಲೇ ಎಂಜಿನ್ ತಿರುಗಿಸಿದೆ, ಅವನ ಕೈಯಿಂದಲೇ ಬಿಚ್ಚಿಸಿದೆ. ರಾಕರ್ ಉಜ್ಜಿ ಮಸಿ ಅಳಿಸಿದ ಗೆರೆ ವಾಲ್ವಿನ ತಲೆಯ ನಟ್ಟನಡುವೆ ಸಣ್ಣಗೆ ಬಿದ್ದಿರಬೇಕು. ಇವನದು ಅಂಚಿನಲ್ಲಿ, ಅಗಲವಾಗಿ ಬಿದ್ದಿತ್ತು. ಬಟ್ಟಲಿನ ಅಂಚಿನ ಮಸಿಯೂ ಹೋಗಿತ್ತು, ಅಂದರೆ ಕಡ್ಡಿ ರಾಕರಿಗೆ ಬಡಿಯುತ್ತಿತ್ತು. ಹಾಗೇ ಕಳಿಸಿದ್ದರೆ ಮಿಯಾಪುರ ಮುಟ್ಟುವುದರೊಳಗೆ ಕಡ್ಡಿ ಬಾಗಿ, ಮಲ್ಲುವಿನ ಆಳುಗಳು ಜೀಪು ನೂಕುತ್ತಿದ್ದರು.

"ಎಲ್ಲಾರ ಮುಂದ ಹೇಳು, ಗೆರಿ ಎಲ್ಲಿ ಬಿದ್ದೈತಿ?" ಎಂದೆ.

"ಅಂಚಿಗೆ ಹೋಗೈತ್ರಿ."

"ಜೋರ ಹೇಳು. ಕನ್ಯಾದ ಮೂಗು ಎಲ್ಲೈತಿ?"

ಅವನ ಮುಖ ಕಪ್ಪಿಟ್ಟಿತು. "ತಪ್ಪಾತ್ರಿ ಕಾಕಾ. ಕಲಸ್ರಿ," ಎಂದ.

"ಕಲಿಯೋರ ಮಾರಿ ಬ್ಯಾರೆ ಇರತೈತಿ. ನೀ ಹೋಗಿ ಗಿರಾಕಿಗೆ ಚಾ ಕೊಡು, ನಿನಗ ಬರೋದು ಅದೊಂದ," ಎಂದೆ.

ಈ ಸಲ ಯಾರೂ ನಗಲಿಲ್ಲ. ಮಂದಿಗೆ ಹಾಸ್ಯ ಎಲ್ಲಿ ತಿಳಿಯುತ್ತದೆ? ಅವನು ನಿಜವಾಗಿಯೂ ಹೋಗಿ ಚಹಾ ತಂದ. ನನ್ನ ಮುಂದೆಯೂ ಒಂದು ಲೋಟ ಇಟ್ಟ. ಅದು ಆರಿ ಕೆನೆಗಟ್ಟಿತು.

ರಾಕರ್ ಕೂರುವ ಕಾಲುಗಳ ಕೆಳಗೆ ತೆಳು ತಗಡು ಇಟ್ಟು, ಗೆರೆಯನ್ನು ನಡುವಿಗೆ ತಂದೆ. ಅಳತೆಕಡ್ಡಿಯಿಂದ ಉದ್ದ ಹಿಡಿದು ಹೊಸ ಪುಶ್‌ರಾಡ್ ಮಾಡಿಸಿದೆ. ಜೀಪು ಹೊಲಿಗೆ ಮಷೀನಿನಂತೆ ಹೊರಟಿತು. ಮಲ್ಲು ನನಗೆ ದೂರದಿಂದ ಕೈಮುಗಿದ; ಆಮೇಲೆ ಹೋಗಿ ವಿಜಯಕುಮಾರನ ಹೆಗಲ ಮೇಲೆ ಕೈ ಹಾಕಿ ಏನೋ ಸಮಾಧಾನ ಹೇಳಿದ. ಕೆಡಿಸಿದವನಿಗೆ ಸಮಾಧಾನ, ಕಟ್ಟಿದವನಿಗೆ ನಮಸ್ಕಾರ.

ಮರುದಿನ ಮುಂಜಾನೆ ಗದಿಗೆಮ್ಮ ಕರೆದಳು. ಬೀಗದ ಕೈ ಕೊಡಲು ಎಂದುಕೊಂಡು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

"ಎಂಜಿನ್ ವಿಷಯ ನೀವು ಹೇಳಿದ್ದು ಖರೆ ಐತ್ರಿ ಶರಣಪ್ಪಣ್ಣ. ಅಂಗಡಿ ಮಾತ್ರ ವಿಜಯಗ ಕೊಡತೀನಿ," ಎಂದಳು.

"ಆ ಗೆರಿ ನೋಡಿದಿರೋ ಇಲ್ಲೋ?"

"ನೋಡಿದೆ. ಅವನ ಮಾರಿನೂ ನೋಡಿದೆ. ನಿಮ್ಮ ಹಂತ್ಯಾಕ ಕಲ್ಯಾಕ ಬಂದವರು ಒಬ್ಬರರೆ ಉಳದಾರೇನ್ರಿ?"

"ಉಳಿಯೋ ಯೋಗ್ಯತಾ ಇದ್ದವರು ಬಂದಿದ್ರ ಉಳೀತಿದ್ರು," ಎಂದೆ.

ಇಷ್ಟು ವರ್ಷ ತಾಯಪ್ಪನ ಹೆಂಡತಿಯಾಗಿ ಅಂಗಡಿಯ ಬಾಗಿಲಲ್ಲಿ ಕೂತು ಅವಳು ಕಲಿತದ್ದು ಮುಖ ನೋಡುವುದನ್ನು! ಎಂಜಿನ್ನಿಗೆ ಮುಖ ಎಲ್ಲಿರುತ್ತದೆ? ಅಷ್ಟರಲ್ಲಿ ಆ ಸೆಂಟಿನ ಶೀಸೆ ಬಂದ. "ಕಾಕಾ, ಲೆಕ್ಕಪತ್ರ, ಗಿರಾಕಿ ನಾ ನೋಡಕೋತೀನಿ. ಎಂಜಿನ್ ಎಲ್ಲಾ ನಿಮ್ಮವ. ಬಿಟ್ಟು ಹೋಗಬ್ಯಾಡ್ರಿ," ಎಂದು ಕೈ ಹಿಡಿದ. ಭಿಕ್ಷೆ ಹಾಕುವುದನ್ನೂ ಅವನು ಚಹಾ ಕೊಟ್ಟ ಹಾಗೆ ಹಾಕುತ್ತಾನೆ. "ನಿನ್ನ ಕೈಕೆಳಗ ದುಡಿಯೋಕಿಂತ ಬಸ್‌ಸ್ಟ್ಯಾಂಡಿನ್ಯಾಗ ಕಡ್ಲಿ ಮಾರತೀನಿ," ಎಂದು ಕೈ ಕೊಡವಿ ಬಂದೆ.

ಅಂದಿನಿಂದ ಮನೆಯಲ್ಲಿದ್ದೇನೆ. ಮಲಗಿದಲ್ಲೇ ಫ್ಯಾನಿನ ಬೇರಿಂಗ್ ಸರಿಯಿಲ್ಲ ಎಂದೆ. "ಇನ್ನ ಅದಕ್ಕ ಹತ್ತಿದ್ರಿ? ಪಾಪ, ಅದು ತಿರಗಲಿ ಬಿಡ್ರಿ," ಎಂದು ನಿಮ್ಮ ಅವ್ವ ಅದನ್ನು ಇನ್ನಷ್ಟು ಜೋರು ಮಾಡಿ ಹೋದಳು. ಬೇರೆ ಅಂಗಡಿಯವನೊಬ್ಬ ಕರೆದಿದ್ದಾನೆ, ಆದರೆ ಅವನಿಗೆ ಸ್ಪ್ಯಾನರ್ ಹಿಡಿಯಲೂ ಬರುವುದಿಲ್ಲ. ನನ್ನ ಚಿಂತೆ ಬೇಡ. ಕೂಸಿಗೆ ಹಲ್ಲು ಬರುವ ಹೊತ್ತು, ಕೈಗೆ ಸಿಕ್ಕದ್ದನ್ನು ಬಾಯಿಗೆ ಹಾಕದಂತೆ ನೋಡಿಕೋ. ಅಳಿಯಂದಿರಿಗೆ ನನ್ನ ಶರಣು ತಿಳಿಸು. ನಿಮ್ಮ ಮನೆ ತುಂಬಿರಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಪ್ಪ,
ಶಿವಶರಣಪ್ಪ

ತಾ.ಕ.: ಇದನ್ನು ಬರೆಯಬಾರದೆಂದೇ ಮೇಲೆ ಸಹಿ ಹಾಕಿದ್ದೆ. ನಾನು ಹೊರಟಾಗ ಗದಿಗೆಮ್ಮ ರಸ್ತೆಯವರೆಗೆ ಬಂದಳು. "ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ. ಜೀಪ್ ಬರೋಕಿಂತ ಮೊದಲ ನಿಮ್ಮ ಕಾವ್ಯಾಗ ಫೋನ್ ಹಚ್ಚಿದ್ದೆ. ಅಂಗಡಿ ನಿಮ್ಮ ಅಪ್ಪಗ ಕೊಡ್ಲೇನವಾ ಅಂತ ಕೇಳಿದೆ. ಭಾಳ ಹೊತ್ತು ಸುಮ್ಮನಿದ್ಲು. ಆಮ್ಯಾಲ, ಅಪ್ಪಗ ಎಂಜಿನ್ ಕೊಡ್ರಿ, ಮಂದೀನ ಕೊಡಬ್ಯಾಡ್ರಿ ಅಂದ್ಲು," ಎಂದಳು.

ನೀನು ಹಾಗೆ ಅಂದೆಯಾ ಎಂದು ಕೇಳುವುದಿಲ್ಲ. ಗದಿಗೆಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ. ಆ ಸುಮ್ಮನಿದ್ದ ಹೊತ್ತಿನಲ್ಲಿ ನಾನು ನಿನಗೆ ಅಂದ ಯಾವ ಮಾತು ನೆನಪಾಯಿತು, ಅದನ್ನು ಬರೆ. ಬಹಳ ಇದ್ದರೆ, ಎಲ್ಲಕ್ಕಿಂತ ಸಣ್ಣದನ್ನು ಬರೆ.