ಹೊಳೆಯುವ ಕಪ್ಪು ಮೇಜು

ಮಾರ್ಚ್ 9, ಭಾನುವಾರ

ಪರಮಪೂಜ್ಯ ಅಕ್ಕನವರ ದಿವ್ಯ ಪಾದಗಳಿಗೆ, ಚಪ್ಪಲಿ ಸಮೇತ, ತಂಗಿಯ ಸಾಷ್ಟಾಂಗ ನಮಸ್ಕಾರಗಳು.

ನಿನ್ನ ಮೂರು ಪತ್ರಗಳೂ ತಲುಪಿವೆ. ಮೂರರಲ್ಲೂ ಒಂದೇ ಪ್ರಶ್ನೆ: ಕೊನೆಯ ಹೊತ್ತಿನಲ್ಲಿ ಅಪ್ಪ ಯಾರನ್ನಾದರೂ ಕರೆದರಾ? ಬಾಣಂತಿ ಎಂದು ನಿನ್ನನ್ನು ಯಾರೂ ಬರಗೊಡಲಿಲ್ಲ, ಕೇಳುವ ಹಕ್ಕು ನಿನಗಿದೆ. ಎರಡು ತಿಂಗಳು ಸುಮ್ಮನಿದ್ದದ್ದು ನನ್ನ ತಪ್ಪು. ಹೇಳುತ್ತೇನೆ, ಮೊದಲು ನಮ್ಮ ಮರಗೆಲಸದ ಅಂಗಡಿಯ ಸಮಾಚಾರ ಕೇಳು.

ನಾನೀಗ ಪಾಲಿಶ್ ಶಾಸ್ತ್ರದಲ್ಲಿ ಮಹಾಪಂಡಿತೆ. ಗಿರಾಕಿಗಳು ಬಂದರೆ ಗಾಜಿಲ್ಲದ ಕನ್ನಡಕ ಏರಿಸಿ ಪ್ರವಚನ ಶುರು. ಹೊಳಪೆಂಬುದು ಚಾಡಿಕೋರ, ಒಂದು ಕಣ ಧೂಳು ಕೂತರೂ ಊರಿಗೆಲ್ಲ ಹೇಳುತ್ತದೆ. ಮಕ್ಕಳಿರುವ ಮನೆಗೆ ಹೊಳಪಿಲ್ಲದ ಮ್ಯಾಟ್ ಪಾಲಿಶ್ ವಾಸಿ, ಬೆರಳಿನ ಗುರುತು, ಗೀರು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಕಪ್ಪು ಬಣ್ಣ ಅಗ್ಗದ ಮರದ ಮಾನ ಕಾಯುತ್ತದೆ. ಹೊಳೆಯುವ ಕಪ್ಪಿನ ಎದುರು ಮಾತ್ರ ಯಾರೂ ಏನನ್ನೂ ಮುಚ್ಚಿಡಲಾರರು. ಮೊನ್ನೆ ಹೀಗೆ ಕೊರೆಯುತ್ತಿದ್ದಾಗ ಚಿಕ್ಕಪ್ಪ ಒಳಗಿನಿಂದಲೇ, ಇವಳ ಮಾತು ನಂಬಬೇಡಿ, ನನ್ನ ಚಪ್ಪಲಿಗೂ ವಾರ್ನಿಶ್ ಹೊಡೆದವಳು ಎಂದರು. ನಿಜವೇ. ಎರಡು ಪದರ ಹೊಡೆದಿದ್ದೆ.

ಅಪ್ಪ ಕೊನೆಯದಾಗಿ ಕೈ ಹಚ್ಚಿದ್ದೂ ಒಂದು ಹೊಳೆಯುವ ಕಪ್ಪು ಮೇಜಿಗೆ. ವಕೀಲೆಯೊಬ್ಬರ ಕಚೇರಿಗೆ, ಏಳು ಅಡಿ ಉದ್ದದ್ದು. ಕೊನೆಯ ಪದರದ ದಿನ ಅವರ ಶಿಸ್ತು ನಿನಗೆ ಗೊತ್ತೇ ಇದೆ. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ, ಕಿಟಕಿ ಮುಚ್ಚಿ, ಮೇಜಿನ ಪಕ್ಕದ ಸ್ಟೂಲಿನಲ್ಲಿ ತಾವು ಕೂರುವುದು; ಹೊರಗಿನಿಂದ ನಾವು ಬಾಗಿಲ ಸಂದಿಗೆಲ್ಲ ಟೇಪು ಅಂಟಿಸುವುದು. ಪದರ ಒಣಗುವವರೆಗೆ ಎರಡು ಗಂಟೆ ಬಾಗಿಲು ತೆಗೆಯುವಂತಿಲ್ಲ. ಅಂದು ಹೊರಗೆ ದ್ವಾರಪಾಲಕಿ ನಾನು.

ಟೇಪು ಕಿತ್ತು ಒಳಗೆ ಹೋದಾಗ ಅವರು ನೆಲದ ಮೇಲಿದ್ದರು. ಮೇಜಿನಲ್ಲಿ ಒಂದು ಕಣ ಧೂಳಿರಲಿಲ್ಲ. ಒಂದು ತುದಿಯಲ್ಲಿ ಅವರ ಬಲಗೈ ಅಚ್ಚು, ಐದು ಬೆರಳೂ ಅಂಚಿನ ಕಡೆಗೆ ಜಾರಿದ್ದವು. ಚಿಕ್ಕಪ್ಪ ಬಂದವರಿಗೆಲ್ಲ, ಅಣ್ಣ ನಿದ್ದೆ ಬಂದ ಹಾಗೆ ಹೋದ, ಒಂದು ಸದ್ದಿಲ್ಲ ಎಂದರು. ನಾನೂ ಹೌದೆಂದು ತಲೆಯಾಡಿಸಿದೆ.

ಆ ಅಚ್ಚನ್ನು ನಾನೇ ಮರಳು ಕಾಗದ ಹಿಡಿದು ಉಜ್ಜಿದೆ. ಹೊಸ ಪದರ ಹೊಡೆದರೆ ಸಂಜೆಯೊಳಗೆ ಅದೇ ಜಾಗದಲ್ಲಿ ಪಾಲಿಶ್ ಕೂರದೆ ಹಿಂಜರಿದು ಕೈ ಮತ್ತೆ ಎದ್ದಿತು. ಮೂರು ಸಲ ಹೀಗಾಯಿತು. ಕೈ ಜಿಡ್ಡು ಕೆಳಪದರಕ್ಕೆ ಇಳಿದಿದೆ, ಅಷ್ಟೇ ಎಂದರು ಚಿಕ್ಕಪ್ಪ. ಇರಬಹುದು. ಮೂರನೆಯ ಸಲದ ಮೇಲೆ ಮಾತ್ರ ಅವರೂ ಆ ಮೇಜಿಗೆ ಬೆನ್ನು ಹಾಕಿ ಕೂರಲಿಲ್ಲ.

ಕೊನೆಗೆ ವಕೀಲೆಯೇ, "ಮ್ಯಾಟ್ ಮಾಡ್ಕೊಡಿ ಬಿಡಿ, ಲೈಟು ಕಣ್ಣಿಗೆ ಹೊಡೆಯೋದಾದ್ರೂ ತಪ್ಪುತ್ತೆ" ಅಂದರು. ಮಾಡಿದೆ. ಏನೂ ಕಾಣದಾಯಿತು. ನಿನ್ನೆ ಮಧ್ಯಾಹ್ನ ಬಂದು ಕೈಯಾಡಿಸಿ, ಒಂದು ಕಲೆಯಿಲ್ಲ ಎಂದು ಹೊಗಳಿ ವ್ಯಾನಿಗೆ ಏರಿಸಿಕೊಂಡು ಹೋದರು. ಹೊರುವಾಗ ಆ ತುದಿಯನ್ನು ನಾನೇ ಹಿಡಿದಿದ್ದೆ.

ಮೇಜು ಹೋಯಿತು, ಕೈ ಹೋಗಿಲ್ಲ. ಸ್ಟೀಲ್ ಲೋಟದಲ್ಲಿದೆ, ಆರಿಸಿದ ಟೀವಿಯಲ್ಲಿದೆ. ಟೀವಿಗೆ ಟವೆಲ್ ಹೊದಿಸಿದ್ದೇನೆ. ಇದ್ಯಾವ ಹೊಸ ಕಪಿಚೇಷ್ಟೆ ಎಂದು ಅಮ್ಮ ಬೈದರು. ಅವರು ಹಾಗೆಯೇ ತಿಳಿದುಕೊಂಡಿರಲಿ.

ಪುಟಾಣಿಗೆ ಚಿಕ್ಕಮ್ಮನ ಆಶೀರ್ವಾದ: ಬೇಗ ಹಲ್ಲು ಬರಲಿ, ಮೊದಲು ನಿನ್ನನ್ನೇ ಕಚ್ಚಲಿ. ನೀನು ಹೊತ್ತು ಹೊತ್ತಿಗೆ ಊಟ ಮಾಡು.

ಇಂತಿ ನಿನ್ನ,
ಕೋತಿ

ತಾ.ಕ.: ಕರೆದರು, ಅಕ್ಕ. ಎರಡು ಸಲ. "ಮರೀ, ಬಾಗಿಲು ತೆಗಿ" ಅಂದರು. ಅದರ ಹಿಂದಿನ ತಿಂಗಳು ಹೀಗೇ ಅವರು ಒಳಗೆ ಕೂತಿದ್ದಾಗ ನಾನು ಚಿಕ್ಕಪ್ಪನ ದನಿಯಲ್ಲಿ ಬೆಂಕಿ, ಬೆಂಕಿ ಎಂದು ಕೂಗಿ, ಅವರು ಟೇಪು ಹರಿದುಕೊಂಡು ಓಡಿಬಂದು, ಧೂಳು ಕೂತು ಒಂದಿಡೀ ಬೀರು ಹಾಳಾಗಿತ್ತು. ಒಂದು ದಿನ ಬಡ್ಡಿ ಸಮೇತ ತೀರಿಸುತ್ತೇನೆ ಎಂದಿದ್ದರು. ಅದನ್ನೇ ತೀರಿಸುತ್ತಿದ್ದಾರೆ ಅಂದುಕೊಂಡೆ. ಅವರದೇ ಗತ್ತಿನಲ್ಲಿ, "ಪದರ ಒಣಗೋವರೆಗೂ ಬಾಗಿಲು ತೆಗೆಯೋ ಹಾಗಿಲ್ಲ, ಅಪ್ಪನೇ ಆಗಿರಲಿ" ಅಂದೆ. ಆಮೇಲೆ ಒಳಗಿಂದ ಸದ್ದು ಬರಲಿಲ್ಲ. ಗೆದ್ದೆ ಎಂದು ಬಾಯಿ ಮುಚ್ಚಿಕೊಂಡು ನಕ್ಕೆ.