ರೊಟ್ಟಿ ಬಡಿಯುವ ಕೈ ನಿಂತಾಗ

ಅತ್ತೆಯವರೇ,

ನಿಮ್ಮ ಬಾಯಿಬಡಕಿ ಸೊಸೆ ಬರೆಯುತ್ತಿದ್ದೇನೆ. ಇದ್ದಾಗ ನಿಮಗೆ ಅಕ್ಷರ ಬರುತ್ತಿರಲಿಲ್ಲ. ಅಲ್ಲಿಗೆ ಹೋದಮೇಲೆ ಎಲ್ಲವೂ ತಾನಾಗಿ ಬರುತ್ತದೇನೋ ಎಂದು ನನಗೆ ಯಾಕೋ ಅನಿಸುತ್ತದೆ. ಬೆಳಗಿನ ಕನಸಿನಲ್ಲಿ ನೀವು ನಮ್ಮ ಯಲಬುರ್ಗಾದ ಮನೆಯಲ್ಲಿ ಕೂತು, ಮೊಮ್ಮಗಳು ಗಿರಿಜಾಳಿಗೆಂದು ತಂದ ಅಂಕಲಿಪಿ ಓದುತ್ತಿದ್ದಿರಿ, ಅದೂ ತಲೆಕೆಳಗಾಗಿ ಹಿಡಿದು. ನಗುತ್ತಲೇ ಎಚ್ಚರವಾಯಿತು.

ಅಡುಗೆಮನೆಯ ಬೆಳಕಿಂಡಿ ನೆನಪಿದೆಯಲ್ಲ? ಮಾಳಿಗೆಯ ಆ ಕಿಂಡಿಯಿಂದ ಬಿಸಿಲು ನೆಲದ ಮೇಲೆ ತಾಟಿನಷ್ಟು ಅಗಲ ಬೀಳುತ್ತಿತ್ತು. ನಮ್ಮ ಗಿರಿಜಾ ಅದರ ನಡುವೆಯೇ ಕೂರುತ್ತಿದ್ದಳು. ಐದು ತುಂಬಿದರೂ ಮಾತಿಲ್ಲ, ಯಾರ ಮುಖವನ್ನೂ ನೋಡುವುದಿಲ್ಲ, ಹೆಸರು ಹಿಡಿದು ಕೂಗಿದರೂ ತಿರುಗುವುದಿಲ್ಲ. ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತರೆ ಅದೇ ಅವಳ ಲೋಕ. ನೀವು ಎದುರಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದರೆ ಮಾತ್ರ ಆ ತಾಳಕ್ಕೆ ಹಿಂದೆ ಮುಂದೆ ತೂಗುತ್ತಿದ್ದಳು. ನೀವು ಬೇಕಂತಲೇ ಕೈ ನಿಲ್ಲಿಸಿದರೆ ಎಂಥ ಸಿಟ್ಟು! ನಿಮ್ಮ ಮಣಿಕಟ್ಟು ಹಿಡಿದು ಹಿಟ್ಟಿನ ಮೇಲೆ ಒತ್ತಿಬಿಡುತ್ತಿದ್ದಳು. ನನ್ನ ಕೈಯನ್ನು ಅವಳು ಎಂದೂ ಹಾಗೆ ಹಿಡಿದವಳಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಈಗ ಹೇಳುತ್ತಿದ್ದೇನೆ.

ಒಂದು ಬೆಳಿಗ್ಗೆ ನೀವು ಕೈ ನಿಲ್ಲಿಸಿದಿರಿ, ಅವಳು ಒತ್ತಲಿಲ್ಲ. ಮುಚ್ಚಳ ಜಾರಿಬಿದ್ದಿತ್ತು, ಕಣ್ಣು ಗೋಡೆಯಲ್ಲಿ ನೆಟ್ಟಿತ್ತು, ತುಟಿ ಸುಮ್ಮನೆ ಚಪ್ಪರಿಸುತ್ತಿತ್ತಂತೆ.

"ಸುಶೀಲಾ, ಇಲ್ಲಿ ಬಾ. ಕೂಸು ಹೋಗ್ಯಾಳ!"

ನೀರಿನ ಕೊಡ ಅಲ್ಲೇ ಬಿಟ್ಟು ಓಡಿಬಂದೆ. ಅಷ್ಟರಲ್ಲಿ ಅವಳು ಕಣ್ಣು ಮಿಟುಕಿಸಿ ಮುಚ್ಚಳ ಹುಡುಕುತ್ತಿದ್ದಳು.

"ಹೋಗ್ಯಾಳ ಅಂದ್ರ ಏನ್ರಿ? ಜೀವಂತ ಕೂಸಿಗೆ ಹಂಗ ಅಂತಾರೇನ್ರಿ?"

"ಸತ್ತಾಳ ಅಂದ್ನೇನವಾ? ಇಲ್ಲಿ ಇದ್ದಿಲ್ಲ, ಎಲ್ಲೋ ಹೋಗಿದ್ಲು. ಈಗ ಬಂದಾಳ ನೋಡು."

"ಅಕಿ ಯಾವಾಗ್ಲೂ ಹಂಗ ಅದಾಳ. ನಿಮಗ ಬರೇ ದೆವ್ವ, ಗಾಳಿನ ಕಾಣ್ತಾವ."

ದೆವ್ವದ ಹೆಸರನ್ನು ನೀವು ಎತ್ತಿಯೇ ಇರಲಿಲ್ಲ. ಎತ್ತಿದವಳು ಮ್ಯಾಟ್ರಿಕ್ ಪಾಸಾದ ನಾನು. ಆಮೇಲೆ ನನ್ನೆದುರು ನೀವು 'ಹೋಗ್ಯಾಳ' ಎಂಬ ಮಾತು ಆಡಲಿಲ್ಲ. ರೊಟ್ಟಿಯ ನಡುವೆ ಕೈ ನಿಲ್ಲಿಸಿ ಅವಳನ್ನು ನೋಡುತ್ತಿದ್ದಿರಿ, ಮತ್ತೆ ಬಡಿಯುತ್ತಿದ್ದಿರಿ. ಎಷ್ಟು ದಿನ ಬೆಳಿಗ್ಗೆ ಹಾಗೆ ಒಬ್ಬರೇ ಅವಳ ದಾರಿ ಕಾದಿರೋ...

ನೀವು ತೀರಿಕೊಂಡ ಮೇಲೆ ಒಂದು ದಿನ ಗಿರಿಜಾಳ ಕೈ ಕಾದ ಹೆಂಚಿಗೆ ತಾಗಿತು. ತೆಗೆಯಲಿಲ್ಲ, ಅಳಲಿಲ್ಲ, ಗೋಡೆ ನೋಡುತ್ತ ನಿಂತಿದ್ದಳು. ನಾನೇ ಎಳೆದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಕಿರುಚಿದಳು. ಮರುದಿನವೇ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆವು. ಅಲ್ಲಿನ ಡಾಕ್ಟರು ಅವಳ ಸ್ವಭಾವಕ್ಕೆ ಆಟಿಸಂ ಎಂಬ ಹೆಸರು ಹೇಳಿದರು.

"ಹಂಗ ನೋಡ್ಕೋತ ಕುಂತಾಗ ಕರೆದ್ರ ತಿರುಗ್ತಾಳೇನಮ್ಮಾ?"

"ಅಕಿ ಯಾವಾಗ್ಲೂ ತಿರುಗಂಗಿಲ್ರಿ."

"ಹಂಗಾದ್ರ ಅಕಿ ತನ್ನ ಲೋಕದಾಗ ಅದಾಳೋ, ಫಿಟ್ಸ್ ಬಂದೈತೋ, ಹೆಂಗ ಗೊತ್ತಾಗಬೇಕು?"

ಆಗ ನನ್ನ ಬಾಯಿಂದ ನಿಮ್ಮ ರೊಟ್ಟಿಯ ವಿಷಯ ಹೊರಬಿತ್ತು. ಕೈ ನಿಲ್ಲಿಸುವುದು, ಅವಳು ಒತ್ತುವುದು, ಕೆಲವೊಮ್ಮೆ ಒತ್ತದೇ ಇರುವುದು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಇದನ್ನ ಯಾರು ಕಂಡುಹಿಡಿದ್ರು?"

"ನಮ್ಮ ಅತ್ತಿಯವರ್ರಿ."

"ಛಲೋ ಆತು. ಮುಂದಿನ ಸಲ ಅವರನ್ನ ಕರ್ಕೊಂಡ ಬರ್ರಿ."

"ಹೋಗ್ಯಾರ್ರಿ," ಎಂದೆ. ನಿಮ್ಮದೇ ಮಾತು. ಅದು ನನ್ನ ಬಾಯಲ್ಲಿ ಅಷ್ಟು ಭಾರವಾಗುತ್ತದೆಂದು ಗೊತ್ತಿರಲಿಲ್ಲ.

ಅವಳ ತಲೆಗೆ ತಂತಿ ಹಚ್ಚಿ, ಕಾಗದದ ಮೇಲೆ ಗೀಟು ಬರೆಸಿ ನೋಡಿದರು. ಫಿಟ್ಸೇ ಹೌದು, ಕೈಕಾಲು ಬಡಿಯದೆ ಸುಮ್ಮನೆ ಬಂದುಹೋಗುವಂಥದು. ಔಷಧಿ ಕೊಟ್ಟರು, ಇದು ಮಾತು ಬರಿಸುವ ಔಷಧಿಯಲ್ಲ ಎಂದೂ ಹೇಳಿದರು. ಅವಳಿಗೆ ಇನ್ನೂ ಮಾತಿಲ್ಲ, ಮುಚ್ಚಳ ಬಿಟ್ಟಿಲ್ಲ. ಒಮ್ಮೊಮ್ಮೆ ಹೋಗುತ್ತಾಳೆ, ಮೊದಲಿನಷ್ಟಿಲ್ಲ.

ಈಗ ದಿನಾ ಬೆಳಕಿಂಡಿಯ ಕೆಳಗೆ ನಾನೇ ರೊಟ್ಟಿ ಬಡಿಯುತ್ತೇನೆ. ನಿಮ್ಮಷ್ಟು ದುಂಡಗಾಗುವುದಿಲ್ಲ, ನಗಬೇಡಿ. ಇವತ್ತು ಕನಸಿನ ಗುಂಗಿನಲ್ಲೇ ನಡುವೆ ಕೈ ನಿಲ್ಲಿಸಿದೆ. ಮನೆಯೆಲ್ಲ ಸುಮ್ಮನಾಯಿತು. ನೀವೂ ಬಾಗಿಲಲ್ಲಿ ನಿಂತು ನೋಡುತ್ತಿದ್ದಿರಾ? ಸುಟ್ಟ ಕಲೆಯಿರುವ ಸಣ್ಣ ಕೈಯೊಂದು ನನ್ನ ಮಣಿಕಟ್ಟು ಹಿಡಿದು ಹಿಟ್ಟಿನ ಮೇಲೆ ಒತ್ತಿತು. ಸಿಟ್ಟಿನಿಂದ, ಬಲವಾಗಿ.

ಬಂದಾಳ್ರಿ, ಅತ್ತೀ.

ನಿಮ್ಮ ಸುಶೀಲಾ