ತಣ್ಣನೆಯ ಕಬ್ಬಿಣ

ಸ್ಕಾರ್‌ನೆಸ್ ಬಂದರು
3 ಅಕ್ಟೋಬರ್ 2004

ಪ್ರೀತಿಯ ತಂಗಿ ಬೆಥಿಯಾ,

1649ರ ಮಾರ್ಚ್‌ನಲ್ಲಿ ನಮ್ಮೂರು ಮಾರ್ಗೆಟ್ ಮೇರ್ ಎಂಬ ಮೀನು ಮಾರುವ ಹೆಂಗಸನ್ನು ಮಾಟಗಾತಿಯೆಂದು ಕತ್ತು ಹಿಸುಕಿ ಸುಟ್ಟಿತು. ಈ ಜೂನ್‌ನಲ್ಲಿ ಅದೇ ಊರು ಅವಳ ಚಿತ್ರ ಬರೆದು, ತಲೆಗೆ ಚೂಪು ಟೋಪಿ ಹಾಕಿ, ಕೈಗೆ ಪೊರಕೆ ಕೊಟ್ಟು, ಹೆಸರನ್ನು ಮ್ಯಾಗಿ ಎಂದು ಮೊಟಕಾಗಿಸಿ, ಬಂದರಿನ ಗೋಡೆಗೆ ಫಲಕ ಹೊಡೆದಿದೆ: ‘ಮಾಟಗಾತಿ ಮ್ಯಾಗಿಯ ಊರಿಗೆ ಸ್ವಾಗತ!’

ನಿನ್ನ ಎರಡು ಕಾಗದಗಳಿಗೂ ಉತ್ತರಿಸಲಿಲ್ಲ, ಕ್ಷಮಿಸು. ಸಿಟ್ಟಿನಲ್ಲಿ ಬರೆದರೆ ನನ್ನ ಅಕ್ಷರ ಕೆಡುತ್ತದೆ. ನಿನ್ನ ಮಂಡಿನೋವು ಹೇಗಿದೆ?

ಚರ್ಚಿನ ಹಳೆಯ ದಾಖಲೆಯನ್ನು ನಾನು ಎಂದೋ ನಕಲು ಮಾಡಿಟ್ಟಿದ್ದೇನೆ. ಮಾರ್ಗೆಟ್ ಮಾಡಿದ್ದಿಷ್ಟೆ: ದೋಣಿಗೆ ಹೊರಟವರಿಗೆ ಎದುರಾಗಿ, ಒಳ್ಳೆಯ ಗಾಳಿ ಸಿಗಲಿ ಎಂದಳು. ದೋಣಿ ಹಿಂತಿರುಗಲಿಲ್ಲ.

ಮೊನ್ನೆ ಮೀನು-ಚಿಪ್ಸ್ ಅಂಗಡಿಯಲ್ಲಿ ಡಾಡ್ ಫ್ಲೆಟ್ ಸಿಕ್ಕ. ಒಂದು ಕಾಲಕ್ಕೆ ನನ್ನ ತರಗತಿಯ ಕೊನೆಯ ಬೆಂಚಿನವನು, ಈಗ ಊರ ಸಮಿತಿಯ ಅಧ್ಯಕ್ಷ.

“ಏನ್ ಟೀಚರ್, ಒಂದ್ ಟೋಪಿಗೆ ಇಷ್ಟೊಂದ್ ಸಿಟ್ಟಾ? ತಮಾಷೆಗೆ ಹಾಕಿದ್ದು. ಈ ಕಾಲ್ದಲ್ಲಿ ಅದನ್ನೆಲ್ಲ ಯಾರ್ ನಂಬ್ತಾರೆ?”

ನಾನು ಗಟ್ಟಿಯಾಗಿ “ಸಾಲ್ಮನ್!” ಎಂದೆ.

ನಮ್ಮ ದೋಣಿಯವರು ಆ ಹೆಸರೆತ್ತುವುದಿಲ್ಲವಲ್ಲ, ‘ಕೆಂಪು ಮೀನು’ ಎನ್ನುತ್ತಾರೆ. ಕಿವಿಗೆ ಬಿದ್ದರೂ ಕೇಡೆಂದು ತಣ್ಣನೆಯ ಕಬ್ಬಿಣ ಮುಟ್ಟುತ್ತಾರೆ. ಸಾಲಿನಲ್ಲಿದ್ದ ನಾಲ್ಕು ಕೈಗಳು ಚಿಲಕಕ್ಕೆ, ಕಂಬಿಗೆ ಹಾರಿದವು. ಡಾಡ್‌ನದು ಎಲ್ಲಕ್ಕಿಂತ ಮೊದಲು.

“ನೀನ್ ನಂಬಲ್ಲ, ಸರಿ. ನಿನ್ ಕೈ ನಂಬುತ್ತಲ್ಲೋ!”

“ಅದು... ಅಭ್ಯಾಸ, ಟೀಚರ್.” ಅವನ ಕಿವಿ ಕೆಂಪಾಗಿತ್ತು.

ಅಂಗಡಿಯ ನೆಲ್ ನಕ್ಕಳು: “ನಿಮ್ ಚಿಪ್ಸಿಗೆ ವಿನೆಗರ್ ಹಾಕಲ್ಲ ಬಿಡಿ ಟೀಚರ್, ನಾಲಿಗೇಲೇ ಬೇಕಾದಷ್ಟ್ ಹುಳಿ ಇದೆ.”

ಮಂಗಳವಾರ ಊರ ಸಭೆ. ಫಲಕ ಇಳಿಯುತ್ತದೆ, ನನಗೆ ಅನುಮಾನವಿಲ್ಲ. ನೀನೂ ಮಕ್ಕಳೂ ಸುಖವಾಗಿರಿ. ಚಳಿ ಶುರುವಾಗಿದೆ, ಉಣ್ಣೆಯ ಕಾಲುಚೀಲ ಮರೆಯಬೇಡ.

ನಿನ್ನ ಅಕ್ಕ,
ಎಫೀ

ತಾ.ಕ.: ನಿನಗೆ ಎಂದೂ ಹೇಳದ ಒಂದು ಮಾತು. 1951ರಲ್ಲಿ ಅಪ್ಪನ ದೋಣಿ ಮುಳುಗಿದ ದಿನ, ಅವರು ಮರೆತ ಕೈಗವಸು ಕೊಡಲು ಅಮ್ಮ ಬಂದರಿನ ಕಟ್ಟೆಯವರೆಗೆ ಓಡಿದ್ದಳು. ಹೆಂಗಸು ಎದುರಾದಳು, ಅದಕ್ಕೇ ಹೀಗಾಯಿತು ಎಂದಿತು ಊರು. ಆಮೇಲೆ ಅವಳು ದಾರಿಯಲ್ಲಿ ಬಂದರೆ ಸಾಕು, ಜನ ಕಬ್ಬಿಣ ಮುಟ್ಟುತ್ತಿದ್ದರು. ನಿನಗೆ ಆಗ ಎರಡು ವರ್ಷ, ನನಗೆ ಒಂಬತ್ತು. ಒಂದು ಮಧ್ಯಾಹ್ನ ನನ್ನ ಬ್ರೆಡ್ ಹಿಡಿದು ಅಮ್ಮ ಶಾಲೆಯ ಗೇಟಿಗೆ ಬಂದಳು. ಎಲ್ಲರೂ ನೋಡುತ್ತಿದ್ದರು. ನಾನು ಗೇಟಿನ ಕಂಬಿ ಮುಟ್ಟಿದೆ. ಅವಳು ಅದನ್ನು ಕಂಡಳು. ಬ್ರೆಡ್ಡನ್ನು ಗೋಡೆಯ ಮೇಲಿಟ್ಟು ಹೋದವಳು ಮತ್ತೆಂದೂ ಶಾಲೆಯ ಕಡೆ ಬರಲಿಲ್ಲ.

ಮಂಗಳವಾರ ಮೊದಲು ಇದನ್ನೇ ಹೇಳುತ್ತೇನೆ, ಎಲ್ಲರ ಮುಂದೆ. ಆಮೇಲೆ ಕುಳಿತುಕೊಳ್ಳುವುದಿಲ್ಲ, ಕೇಳುತ್ತೇನೆ: ಮಾರ್ಗೆಟ್ ಮೇರ್ ಮಾಡಿದ ತಪ್ಪೇನು, ನಮ್ಮಮ್ಮ ಮಾಡಿದ ತಪ್ಪೇನು? ಸಮಿತಿ ಎದ್ದು ನಿಂತು, ಎರಡೂ ಕೈ ಮೇಜಿನ ಮೇಲೆ ಕಾಣುವಂತಿಟ್ಟು, ಊರಿಗೆ ಉತ್ತರ ಕೊಡಲಿ.